ತಂಗಿಯ ಮಿಸ್ ಕಾಲ್

“ನಮ್ಮ ತಂಗಿ ಫೋನಿಗೆ ನೆಟ್ ಬ್ಯಾಡ್ರಿ ಅಣ್ಣಾರ, ಮೊದಲಿನಂಗ ಹತ್ತು ರೂಪಾಯಿ ಕರೆನ್ಸಿ ಹಾಕ್ರಿ ಸಾಕು.” ಹಗರಿಬೊಮ್ಮನಹಳ್ಳಿಯ ನನ್ನ ರೀಚಾರ್ಜ್ ಅಂಗಡಿಯಲ್ಲಿ ಹೀಗೆ ಕೇಳಿದವರು, ಸಂತೆಗೆ ಮೆಣಸಿನಕಾಯಿ ತಂದಿದ್ದ ಒಬ್ಬ ಹೆಂಗಸು. ಈಗ ಪ್ಯಾಕ್ ಹಾಕಿಸಿದರೆ ಫೈವ್‌ಜಿ ನೆಟ್ಟಿನ ಜೊತೆ ಮಾತೂ ಪುಕ್ಕಟೆ ಎಂದೆ. ಅವರ ಮುಖ ಬಾಡಿತು.

“ಮಾತಿಗೆ ರೊಕ್ಕ ಹತ್ತತಿದ್ದಾಗ ಗುಡೇಕೋಟಿಯಿಂದ ದಿನಾ ಮುಂಜಾನಿ ಮಿಸ್ ಕಾಲ್ ಕೊಡ್ತಿದ್ಲರಿ. ನಾ ಎತ್ತತಿರಲಿಲ್ಲ. ‘ಅಕ್ಕಾ, ಆರಾಮ ಅದೀನಿ’ ಅಂತ ಅದರರ್ಥ. ಈಗ ಬರೀ ಸ್ಟೇಟಸ್ ಹಾಕ್ತಾಳ, ಊರಿಗೆಲ್ಲ ಕಾಣಂಗ. ನನಗಂತ ಏನೂ ಇಲ್ರಿ.”

ಮರುದಿನ ಬೆಳಿಗ್ಗೆ ಹರಪನಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ನಾನೂ ಒಂದು ರಿಂಗ್ ಕೊಟ್ಟು ಇಟ್ಟೆ. ನಾವೂ ಹಾಗೆ ಮಾಡುತ್ತಿದ್ದವರೇ. ಅವಳಿಂದ ಕೂಡಲೇ ಮೆಸೇಜ್ ಬಂತು: “ಕೈತಪ್ಪಿ ಒತ್ತಿದ್ಯೇನೋ?”