ಮೂರನೆಯ ಸಲದ ಹುಳಿ

ನಾನು ನಿಂತಿದ್ದದ್ದು ನ್ಯಾಮತಿಯಲ್ಲಿ, ಭಾವನ ಸೋಡಾ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ. ಎಡಗಡೆ ಖಾಲಿ ಬಾಟಲಿಗಳ ಕ್ರೇಟುಗಳು, ಬಲಗಡೆ ಕಿಟಕಿ. ಕೊರೊನಾದ ಎರಡನೇ ಅಲೆ ಮುಗಿದ ಮರುವರ್ಷ, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹತ್ತೂಕಾಲು. ಗಂಟೆ ನೆನಪಿರುವುದು ಬಸ್ಸಿನಿಂದ. ಚನ್ನಗಿರಿಯಲ್ಲಿ ಏಳಕ್ಕೆ ಹತ್ತಿ, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಹತ್ತಕ್ಕೆ ಇಳಿದಿದ್ದೆ.

ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ನಾನು, ನನ್ನ ಅಕ್ಕ, ಅಕ್ಕನ ಗಂಡ, ಮತ್ತು ಆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಬಾಟಲಿ ತೊಳೆಯುತ್ತಿದ್ದ ಅಜ್ಜ. ಅವರು ಜಗಳೂರು ತಾಲ್ಲೂಕಿನ ಸೊಕ್ಕೆಯವರು. ನಮ್ಮ ನಡುವೆ ನೆಲದ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಡ್ರಮ್ಮಿತ್ತು. ಅದರಲ್ಲಿ ಭಾವ ತನ್ನ ಕೈಯಾರೆ ಮಾಡಿದ ಬಿಯರ್ ಇತ್ತು.

ಭಾವ ಕುಡುಕನಲ್ಲ. ಕೊರೊನಾ ಬಂದು ಹೋದಾಗ ಅವನ ಮೂಗು ಹೋಯಿತು. ಎಲ್ಲರಿಗೂ ತಿಂಗಳೊಪ್ಪತ್ತಿನಲ್ಲಿ ಮರಳಿ ಬಂದ ವಾಸನೆ ಅವನಿಗೆ ಬರಲೇ ಇಲ್ಲ. ಶುಂಠಿ ಸೋಡಾಕ್ಕೂ ಜೀರಿಗೆ ಸೋಡಾಕ್ಕೂ ವ್ಯತ್ಯಾಸ ತಿಳಿಯದೆ ಬಾಟಲಿಯ ಚೀಟಿ ನೋಡಿ ಮಾರುತ್ತಿದ್ದ. ಸಾರು, ಪಲ್ಯ, ಕಾಫಿ ಎಲ್ಲವೂ ಅವನಿಗೆ ಬಿಸಿ ಅಥವಾ ತಣ್ಣಗೆ, ಅಷ್ಟೇ. ಉಳಿದದ್ದು ಒಂದು, ನಾಲಿಗೆಯ ಮೇಲೆ ಗ್ಯಾಸು ಚುಚ್ಚುವುದು.

"ರುಚಿ ಇಲ್ಲಪ್ಪ, ಚುಚ್ಚಾದು ಐತೆ," ಎನ್ನುತ್ತಿದ್ದ. "ಮಷಿನ್ನಿನ ಗ್ಯಾಸು ಸೂಜಿ ಇದ್ದಂಗೆ. ಹುದುಗಿ ತಾನೇ ಹುಟ್ಟೋ ಗ್ಯಾಸು ಬ್ಯಾರೆ, ಮೆತ್ತಗೆ ಚುಚ್ತೈತೆ."

ಅದಕ್ಕಾಗಿ ಕೊರಿಯರ್‌ನಲ್ಲಿ ಮೊಳಕೆ ಬರಿಸಿದ ಬಾರ್ಲಿ, ಈಸ್ಟು, ತೇಲಿಬಿಟ್ಟು ಸಾಂದ್ರತೆ ನೋಡುವ ಗಾಜಿನ ಒಂದು ಅಳತೆಕೊಳವೆ ತರಿಸಿದ್ದ. ಮನೆಯಲ್ಲಿ ಇದನ್ನು ಮಾಡಲು ಪರವಾನಗಿ ಬೇಕೆಂದು ನಮಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. "ಲಿಂಗ ಕಟ್ಟಿದ ಮನೇಲಿ ಇದೇನ್ರೀ ವೇಷ" ಎಂದು ಅಕ್ಕ ಒಂದು ವಾರ ಮಾತು ಬಿಟ್ಟಿದ್ದಳು. ಆಮೇಲೆ ಅವಳೇ, ಬಾರ್ಲಿ ಕುದಿಸಿದ ನೀರು ಆರಿಸಲಿಕ್ಕೆ ದೋಸೆ ಹಿಟ್ಟಿನ ದೊಡ್ಡ ಡಬರಿ ಕೊಟ್ಟಳು. ಅವನು ಊಟ ಬಿಟ್ಟು ಸೊರಗಿದ್ದನ್ನು ಅವಳು ನೋಡಿದ್ದಳು.

ಮೊದಲ ಎರಡು ಸಲ ಕೆಟ್ಟು ಮೋರಿಗೆ ಹೋಗಿತ್ತು. ಎರಡು ಸಲವೂ ವಾಸನೆ ನೋಡಿ ಹೇಳಿದವನು ನಾನೇ. ಸಂತೇಬೆನ್ನೂರಿನ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಹಾಲು ಹುಳಿಗೆ ತಿರುಗಿದ್ದರೆ ನನಗೆ ತಿಳಿಯುತ್ತದೆ. ಸರದಿಯಲ್ಲಿ ನಿಂತ ಹೆಂಗಸರು "ಇದೊಂದ್ ಸಲ ಬಿಡ್ರಣ್ಣ, ನಿಮ್ಮ ಮೂಗಿಗೆ ಹಬ್ಬ ಮಾಡ್ತೀವಿ" ಎಂದು ನಗುತ್ತಾ ಬೇಡುತ್ತಾರೆ. ನಾನು ಬಿಟ್ಟವನಲ್ಲ. ಆ ಭಾನುವಾರದವರೆಗೆ ಹಾಗೆ ಹೇಳಿಕೊಳ್ಳಬಹುದಿತ್ತು.

ಬಿಯರು ಕೆಟ್ಟಿದ್ದನ್ನು ಗುರುತಿಸುವುದು ಹಾಲಿನಷ್ಟು ಸುಲಭವಲ್ಲ. ಮೊದಲ ದಿನಗಳಲ್ಲಿ ಮೇಲೆ ಕಂದು ನೊರೆ ಎದ್ದು ಡ್ರಮ್ಮಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ನೋಡಲು ಅಸಹ್ಯ, ಆದರೆ ಅದು ಈಸ್ಟಿನ ಕೆಲಸ. ಗಾಬರಿಯಾಗಬೇಕಾದ್ದು ನೊರೆ ಇಳಿದು ತಿಳಿಯಾದ ಮೇಲೆ ಬರುವುದಕ್ಕೆ. ಆರಿದ ಹಾಲಿನ ಕೆನೆಯಂತೆ ತೆಳುವಾದ ಬಿಳಿ ಪದರ, ಸುಕ್ಕುಸುಕ್ಕು, ಅದರ ಕೆಳಗೆ ಸಿಕ್ಕಿಬಿದ್ದ ದೊಡ್ಡ ಗುಳ್ಳೆಗಳು. ಸೌಟಿನಿಂದ ಎತ್ತಿ ಸುರಿದರೆ ಕೆಲವೊಮ್ಮೆ ನೂಲಿನಂತೆ ಎಳೆ ಬರುತ್ತದೆ. ಅಳತೆಕೊಳವೆ ತೇಲಿಬಿಟ್ಟರೆ ಅದು ಮೂರು ದಿನ ಒಂದೇ ಗೆರೆಯಲ್ಲಿ ನಿಲ್ಲಬೇಕು. ನಿಲ್ಲದೆ ದಿನದಿನಕ್ಕೂ ಮುಳುಗುತ್ತಾ ಹೋದರೆ ಒಳಗೆ ಯಾರೋ ಇನ್ನೂ ಸಕ್ಕರೆ ತಿಂದು ಗ್ಯಾಸು ಬಿಡುತ್ತಿದ್ದಾರೆ ಎಂದು ಅರ್ಥ. ಆಮೇಲೆ ಮೂಗು.

ಭಾವ ಮುಚ್ಚಳ ತೆಗೆದ. ಬಿಳಿ ಪದರ ಇತ್ತು. ತಟ್ಟೆಯಷ್ಟು ಅಗಲ, ಕಿಟಕಿಯ ಕಡೆಗೆ ಸರಿದಿತ್ತು. ಗುಳ್ಳೆಗಳನ್ನು ಎಣಿಸಲಿಲ್ಲ. ಏಳೋ ಎಂಟೋ ಇರಬೇಕು.

ಅಜ್ಜ ಬಗ್ಗಿ ನೋಡಿದರು. "ಸಾವ್ಕಾರ್ರೇ, ಇದಕ್ಕೆ ಯಾಕೆ ಇಷ್ಟು ಚಿಂತಿ? ನಮ್ಮನೆ ನಿಂಬೆಕಾಯಿ ಉಪ್ಪಿನಕಾಯಿ ಮ್ಯಾಲೆ ವರ್ಷಾ ಹಿಂಗೇ ಕಟ್ತೈತೆ. ಸೌಟಿಂದ ತೆಗ್ದು ಒಗ್ದು ಉಣ್ಣಾದಪ್ಪ. ಯಾರ್ ಸತ್ತಾರೆ?"

"ನೀನ್ ಸಾಯಲಿಲ್ಲ ಬಿಡಜ್ಜ, ನಿನ್ನ ಯಮನೂ ವಾಸನೆ ನೋಡಿ ವಾಪಸ್ ಹೋಗಿರ್ತಾನೆ," ಎಂದ ಭಾವ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಭಾವನೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ.

"ನೋಡಪ್ಪ. ನಿನ್ನೆ ಕೊಳವೆ ಒಂದು ಗೆರೆ ಇಳಿದಿತ್ತು. ಆದ್ರೂ ನೀನ್ ಹೇಳ್ದಂಗೆ."

ನಾನು ಡ್ರಮ್ಮಿನ ಮೇಲೆ ಬಗ್ಗಿದೆ. ಮೊದಲು ಬಾಳೆಹಣ್ಣಿನಂಥ ಒಳ್ಳೆಯ ವಾಸನೆ ಬಂತು. ಅದರ ಹಿಂದೆ, ಒಂದು ಉಸಿರು ತಡವಾಗಿ, ಹುಳಿ. ಮೂರು ದಿನದ ದೋಸೆ ಹಿಟ್ಟಿನ ಹುಳಿ. ಅನುಮಾನ ಇರಲಿಲ್ಲ. ಡೈರಿಯಲ್ಲಾಗಿದ್ದರೆ ಕ್ಯಾನು ಪಕ್ಕಕ್ಕೆ ಸರಿಸುತ್ತಿದ್ದೆ.

ಮುಖ ಎತ್ತಿದೆ. ಭಾವನ ಕೈಯಲ್ಲಿ ತೊಳೆದ ಬಾಟಲಿ ಆಗಲೇ ಇತ್ತು. ಬಾಯಿ ಅರ್ಧ ತೆರೆದುಕೊಂಡು ನಾನು ಹೇಳುವುದನ್ನೇ ಕಾಯುತ್ತಿದ್ದ.

"ಚೆನ್ನಾಗೈತೆ ಭಾವ," ಎಂದೆ.

ಯಾಕೆ ಹೇಳಿದೆ ಎಂಬುದಕ್ಕೆ ನನ್ನಲ್ಲಿ ಈಗಲೂ ಒಂದೇ ಉತ್ತರವಿದೆ. ಮೂರನೆಯ ಸಲವೂ ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಹುಳಿಯಾದರೇನು, ಅವನಿಗೆ ತಿಳಿಯುವುದಿಲ್ಲವಲ್ಲ ಎಂದುಕೊಂಡೆ. ಬಾಟಲಿಯೊಳಗೆ ಗ್ಯಾಸು ಹೆಚ್ಚುತ್ತಲೇ ಹೋಗುತ್ತದೆ ಎಂಬುದು ತಲೆಗೆ ಬರಲಿಲ್ಲ. ಕೊಳವೆ ಇಳಿದದ್ದನ್ನು ಅವನೇ ಹೇಳಿದ್ದರೂ ಬರಲಿಲ್ಲ.

ಮುಖ ಎತ್ತುವ ಮೊದಲು ನನ್ನ ಮೂಗು ಸಿಂಡರಿಸಿತ್ತು. ಅಕ್ಕ ಅದನ್ನು ನೋಡಿದಳು. ನಾನು ಅವಳತ್ತ ನೋಡಿದಾಗ ಅವಳ ನಗು ನಿಂತಿತ್ತು. ಅವಳು ಸಕ್ಕರೆ ಡಬ್ಬಿ ತರಲು ಹೋದಳು.

ಅಜ್ಜ ಪದರ ತೆಗೆದು ಚೆಲ್ಲಿದರು. ಗ್ಯಾಸು ಹುಟ್ಟಲೆಂದು ಸೋಡಾ ಬಾಟಲಿಗಳಿಗೆ ಅಷ್ಟಿಷ್ಟು ಸಕ್ಕರೆ ಹಾಕಿ, ತುಂಬಿಸಿ, ಮುಚ್ಚಳ ಒತ್ತಿದೆವು. ಒಟ್ಟು ಇಪ್ಪತ್ತೆರಡು. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಉಂಡು ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ಅಲ್ಲಿಂದ ಮೂರನೆಯ ಭಾನುವಾರ ಮತ್ತೆ ಹೋದೆ. ಬಿಸಿಲು ಜೋರಾಗಿತ್ತು. ಅದೇ ಕೋಣೆ, ಅದೇ ಜಾಗ, ಅದೇ ನಾಲ್ಕು ಜನ. ಗಂಟೆ ಹನ್ನೊಂದು ದಾಟಿತ್ತು, ಎಷ್ಟು ದಾಟಿತ್ತೋ ನೋಡಲಿಲ್ಲ. ಕ್ರೇಟಿನ ಬಾಟಲಿಗಳ ಕುತ್ತಿಗೆಯಲ್ಲಿ, ಬಿಯರು ನಿಂತ ಮಟ್ಟಕ್ಕೆ ಸರಿಯಾಗಿ, ಬಿಳಿ ಉಂಗುರ ಕಟ್ಟಿತ್ತು. ಎಲ್ಲದರಲ್ಲೂ. ಅದೂ ಒಂದು ಗುರುತು. ನನಗೆ ಅದು ಕಂಡಿತು. ಭಾವ ಒಂದನ್ನು ಎತ್ತಿ, ತಿಳಿಯಾಗಿದೆಯೋ ನೋಡಲು ಕಿಟಕಿಯ ಬೆಳಕಿಗೆ ಹಿಡಿದ. "ತಡೀರಿ ಭಾವ" ಎಂದು ನಾನು ಹೇಳಿದೆನೋ, ಹೇಳಬೇಕೆಂದುಕೊಂಡೆನೋ, ಖಚಿತವಾಗಿ ಹೇಳಲಾರೆ. ಬಾಟಲಿ ಒಡೆಯಿತು.

ಸದ್ದು ದೊಡ್ಡದಿರಲಿಲ್ಲ. ಭಾವ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತ. ಕೋಣೆ ತುಂಬ ಹುಳಿ ಹರಡಿತು. ಅಕ್ಕನಿಗೆ, ಅಜ್ಜನಿಗೆ, ನನಗೆ, ಮೂವರಿಗೂ ಬಂತು.

ಪಕ್ಕದ ಅಂಗಡಿಯವರ ಓಮ್ನಿಯಲ್ಲಿ ಹೊನ್ನಾಳಿ ಆಸ್ಪತ್ರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ದಾರಿಯಲ್ಲಿ ಅವನು ಕೇಳಿದ:

"ವಾಸನೆ ಹೆಂಗೈತಪ್ಪ?"

ನಾನು ಮುಂದಿನ ಸೀಟಿನಲ್ಲಿದ್ದೆ. ತಿರುಗಲಿಲ್ಲ. ಅಕ್ಕ ಹೇಳಿದಳು: "ಹುಳಿ ಐತ್ರೀ. ನಂದೇ ತಪ್ಪು. ಆ ಡಬರಿನ ನಾನು ಸೋಪು ಹಾಕಿ ತೊಳೆಯಾಕಿಲ್ಲ. ಹಳೇ ಹುಳಿ ಇದ್ರೇನೆ ಹೊಸ ಹಿಟ್ಟು ಉಬ್ಬಾದು ಅಂತ ಅವ್ವ ಹೇಳಿಕೊಟ್ಟಿದ್ಲು. ನಿಮಗೆ ಕೊಡೋವಾಗ ನೆನಪಾಗ್ಲಿಲ್ಲ ಕಣ್ರೀ."

"ಹೋಗ್ಲಿ ಬಿಡು," ಎಂದ ಭಾವ. "ಡಬರಿಗೇನು ಗೊತ್ತು."

ಅವಳು ಹೇಳಿದ್ದು ನಿಜ. ಮೂರು ಸಲವೂ ಕೆಟ್ಟದ್ದು ಆ ಡಬರಿಯಿಂದಲೇ ಇರಬೇಕು. ಆದರೆ ಕೆಟ್ಟದ್ದನ್ನು ಮೋರಿಗೆ ಚೆಲ್ಲಬಹುದಿತ್ತು. ಅಷ್ಟನ್ನು ಆ ವಾಹನದಲ್ಲಿ ಹೇಳಲು ಹತ್ತು ಮಾತು ಸಾಕಿತ್ತು. ಹೊನ್ನಾಳಿ ಬಂತು. ಸೋಡಾ ಬಾಟಲಿ ಒಡೆಯಿತು ಎಂದು ಬರೆಸಿದೆವು. ಅಲ್ಲಿಂದ ದಾವಣಗೆರೆಗೆ ಕಳಿಸಿದರು. ಕಣ್ಣು ಉಳಿಯಲಿಲ್ಲ.

ಆಮೇಲೆ ಯಾರು ಕೇಳಿದರೂ ಅಕ್ಕ ಡಬರಿಯ ಕಥೆಯನ್ನೇ ಹೇಳಿದಳು. ಡಬರಿಯನ್ನು ಹಳೇ ಪಾತ್ರೆಯವನಿಗೆ ಹಾಕಿದಳು. ಆ ಮನೆಯಲ್ಲಿ ದೋಸೆ ನಿಂತುಹೋಯಿತು. ನಾನು ಹೋದಾಗ ಉಪ್ಪಿಟ್ಟು ಮಾಡುತ್ತಾಳೆ. ನಾನು ತಿನ್ನುತ್ತೇನೆ. ಬೆಳಗ್ಗೆ ಡೈರಿಯಲ್ಲಿ ಕ್ಯಾನುಗಳ ಮೇಲೆ ಬಗ್ಗುತ್ತೇನೆ, ಹುಳಿ ಬಂದರೆ ಸರಿಸುತ್ತೇನೆ. ಏನೂ ಅನ್ನಿಸುವುದಿಲ್ಲ. ಭಾವ ಒಂದೇ ಕಣ್ಣಿನಲ್ಲಿ ಚೀಟಿ ನೋಡಿ ಎರಡು ವರ್ಷ ಸೋಡಾ ಮಾರಿದ. ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ಅವನಿಗೆ ನಾನು ಹೇಳಲಿಲ್ಲ.

ನಾನು ಆ ಡ್ರಮ್ಮಿನ ಮೇಲೆ ಬಗ್ಗಿದ್ದನ್ನು ನೋಡಿದವರಲ್ಲಿ ಈಗ ಇರುವವರು ನನ್ನನ್ನು ಬಿಟ್ಟು ಇಬ್ಬರು. ಒಬ್ಬರು ಆ ಅಜ್ಜ, ಸೊಕ್ಕೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ಡ್ರಮ್ಮು ನೋಡುತ್ತಿದ್ದರು, ನನ್ನ ಮುಖವನ್ನಲ್ಲ. ಇನ್ನೊಬ್ಬಳು ನನ್ನ ಅಕ್ಕ, ನ್ಯಾಮತಿಯಲ್ಲಿದ್ದಾಳೆ. ಅವಳು ನನ್ನ ಮುಖ ನೋಡುತ್ತಿದ್ದಳು.