ಕೊಗ್ಗನ ಕ್ಯಾಸೆಟ್ ಕಾದಂಬರಿ

ಒಮಾನಿನ ಸಹಮ್‌ನಲ್ಲಿ ನನ್ನ ಕೋಣೆಯಲ್ಲೇ ಇದ್ದ ಕೊಗ್ಗ ತರಕಾರಿ ಪಿಕಪ್ಪಿನ ಡ್ರೈವರ್. ಓದುವ ಹುಚ್ಚು ವಿಪರೀತ. ೧೯೮೭ರ ರಂಜಾನ್ ಶುರುವಾಗುವ ಮುನ್ನಾದಿನ, ಈದ್ ಬರುವುದರೊಳಗೆ ಒಂದು ಕಾದಂಬರಿ ಮುಗಿಸುತ್ತೇನೆಂದು ಪಣ ತೊಟ್ಟ.

"ಇಡೀ ದಿನ ಕೈಯಲ್ಲಿ ಸ್ಟೇರಿಂಗ್ ಇರ್ತದೆ. ಬರೆಯುವುದು ಕಾಲಲ್ಲಾ?" ಎಂದು ಕೆಣಕಿದೆ.

"ಬಾಯಿ ಖಾಲಿ ಉಂಟಲ್ಲ ಮಾರಾಯ" ಎಂದ.

ಆಗ ನಾವು ಊರಿಗೆ ಕಾಗದಕ್ಕಿಂತ ಹೆಚ್ಚು ಕ್ಯಾಸೆಟ್ ಕಳಿಸುತ್ತಿದ್ದೆವು. ಮನೆಯವರು ನಮ್ಮ ಸುದ್ದಿ ಕೇಳಿ, ಅದರ ಮೇಲೆಯೇ ತಮ್ಮ ಮಾತು ತುಂಬಿಸಿ, ಬರುವವರ ಕೈಯಲ್ಲಿ ವಾಪಸು ಕಳಿಸುತ್ತಿದ್ದರು. ಕೊಗ್ಗ ಟೇಪ್ ರೆಕಾರ್ಡರನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು, ಮಸ್ಕತ್ತಿಗೆ ಹೋಗುತ್ತ ಬರುತ್ತ ಕಾದಂಬರಿ ಹೇಳತೊಡಗಿದ. ಕೆಲಸ ಕಳೆದುಕೊಂಡು ಮರುಭೂಮಿಯಲ್ಲಿ ಹಸಿದು ಅಲೆಯುವವನ ಕಥೆ. 'ನಾನು' ಎಂದೇ ಶುರು. ಉಪವಾಸದ ತಿಂಗಳು, ಹಗಲು ದಾರಿಯಲ್ಲಿ ಯಾರೂ ತಿನ್ನುವಂತಿಲ್ಲ. ಹಾಗಾಗಿ ದನಿಯಲ್ಲಿದ್ದ ಹಸಿವಂತೂ ನಿಜದ್ದೇ.

ಈದ್‌ಗೆ ಮೊದಲೇ ಐದು ಕ್ಯಾಸೆಟ್ ತುಂಬಿದವು. ಕೇಳಿ ನಾನೇ ಬೆರಗಾದೆ. ಇಂಥದ್ದು ಇವನೊಳಗೆ ಎಲ್ಲಿತ್ತು? ರಜೆಗೆ ಹೊರಟಿದ್ದ ಪೀಟರ್ ಕೈಯಲ್ಲಿ ಅವನ್ನು ಊರಿಗೆ ಕಳಿಸಿದ. ಕಾಲೇಜು ಓದುವ ಅಕ್ಕನ ಮಗಳು ಹರಿಣಾಕ್ಷಿ ಎಲ್ಲವನ್ನೂ ಬರೆದಿಡಬೇಕೆಂದು ಬೇರೆ ಕಾಗದ ಹಾಕಿದ. ಅಂಚೆಯಲ್ಲಿ ಆ ಕಾಗದ ತಲುಪಿದ್ದು ಎಷ್ಟೋ ದಿನದ ಮೇಲೆ. ಕ್ಯಾಸೆಟ್ಟಿನಲ್ಲೇ ಹೇಳಬಹುದಿತ್ತು, ಪೆದ್ದ! ಕಾದಂಬರಿಯ ನಡುವೆ ಮನೆಮಾತು ಯಾಕೆ ಎಂದುಕೊಂಡನಂತೆ.

ಅಷ್ಟರಲ್ಲಿ ಅಕ್ಕ ದಮಯಂತಿ ಐದನ್ನೂ ಕೇಳಿದ್ದಳು. ತಾಯಿಯಿಲ್ಲದ ಕೊಗ್ಗನನ್ನು ಸಾಕಿದವಳು ಅವಳೇ. ತಮ್ಮ ತನ್ನ ಕಷ್ಟವನ್ನೇ ಹೇಳಿಕೊಂಡಿದ್ದಾನೆಂದು ನಂಬಿ, ಅಳುತ್ತ ಎಲ್ಲದರ ಮೇಲೂ ಮಾತಾಡಿ ಪೀಟರ್ ಕೈಯಲ್ಲೇ ತಿರುಗಿ ಕಳಿಸಿದ್ದಳು.

"ಮೂರು ದಿನ ಊಟ ಇಲ್ಲದೆ ಇದ್ದದ್ದಾ ನೀನು? ನನಗೊಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ನೀನು ಬರುವವರೆಗೆ ರಾತ್ರಿ ನನಗೂ ಅನ್ನ ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಕಾದಂಬರಿ ಅಳಿಸಿಹೋಗಿತ್ತಲ್ಲ! ಕೊಗ್ಗನಿಗೆ ಅದರ ಚಿಂತೆಯೇ ಇರಲಿಲ್ಲ. ಹೊಸ ಕ್ಯಾಸೆಟ್ ಹಾಕಿ, "ಅದು ಬರೀ ಕಥೆ ಅಕ್ಕ, ನಾನು ಹೊಟ್ಟೆ ತುಂಬ ಉಣ್ತಿದ್ದೇನೆ" ಎಂದು ಗೋಗರೆದ. ಅವಳು ನಂಬಲಿಲ್ಲ. "ಸಮಾಧಾನ ಮಾಡ್ಲಿಕ್ಕೆ ಸುಳ್ಳು ಹೇಳ್ಬೇಡ. ಹಸಿದವನ ಸ್ವರ ನನಗೆ ಗೊತ್ತಾಗ್ತದೆ" ಎಂದು ಉತ್ತರ ಬಂತು.

ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ರಜೆ ಕೊಟ್ಟದ್ದು ಮರುವರ್ಷ. ಟಿಕೆಟ್ ಕೈಗೆ ಬಂದ ವಾರವೇ ಅಕ್ಕ ಜ್ವರದಿಂದ ತೀರಿಕೊಂಡ ಸುದ್ದಿ ಬಂತು. ಕೊನೆಯವರೆಗೂ ರಾತ್ರಿ ಉಣ್ಣಲಿಲ್ಲವೆಂದು ಹರಿಣಾಕ್ಷಿ ಬರೆದಿದ್ದಳು. ಕೊಗ್ಗ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಮತ್ತೆ ಅವನು ಕಾದಂಬರಿಯ ಸುದ್ದಿ ಎತ್ತಲಿಲ್ಲ. ಇನ್ನೊಮ್ಮೆ ಹೇಳು, ನಾನೇ ಬರೆದುಕೊಡ್ತೇನೆ ಎಂದು ಬೈದೂ ನೋಡಿದೆ. ಪಿಕಪ್ಪಿನಲ್ಲಿ ಐದನೆಯ ಕ್ಯಾಸೆಟ್ ಮಾತ್ರ ಹಾಕುತ್ತಿದ್ದ. ಅದರಲ್ಲಿ ಅಕ್ಕನ ಮಾತು ಸ್ವಲ್ಪ ಮೊದಲೇ ಮುಗಿದು, ಕಾದಂಬರಿಯ ಕೊನೆಯ ತುಣುಕು ಉಳಿದುಕೊಂಡಿತ್ತು.

"ಊಟ ಆಯ್ತಾ ತಮ್ಮ?" ಎಂದು ಅಕ್ಕ ಕೇಳುತ್ತಾಳೆ. ಟಕ್ಕೆಂದು ಗುಂಡಿ ಒತ್ತಿದ ಸದ್ದು. ಆಮೇಲೆ ಕೊಗ್ಗನ ಬಳಲಿದ ದನಿ, ಊರಿಗೆ ಮರಳಿದ ಕಥಾನಾಯಕನ ಮಾತು:

"ಬಂದೆ ಅಕ್ಕಾ, ಬಡಿಸು."

ಅಲ್ಲಿಗೆ ಅವನು ಟೇಪ್ ನಿಲ್ಲಿಸುತ್ತಿದ್ದ.