ಹನ್ನೆರಡನೆಯ ಚುಕ್ಕೆ

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ದೇವರು ಮೈಮೇಲೆ ಬಂದವರ ಎದುರಿಗೂ ನಗು ತಡೆಯಲಾಗದೆ ಅವ್ವನಿಂದ ಚಿವುಟಿಸಿಕೊಂಡವಳು ನಾನು. ಹಾಗಾಗಿ ನೀವು ನಕ್ಕರೂ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದೆ. ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಮಲ್ಲವ್ವ ಎಂಬ ರೈತ ಹೆಂಗಸಿನ ಬಾವಿ. ಪ್ರತಿ ಅಮಾವಾಸ್ಯೆಗೆ ಅದರಲ್ಲಿ ಟೇಪು ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುತ್ತಿದ್ದೆ. ಅಮಾವಾಸ್ಯೆಗೆ ಅಲ್ಲಿ ಎತ್ತು ಹೂಡುವುದಿಲ್ಲ, ಹೊಲಕ್ಕೆ ನೀರೆತ್ತುವುದಿಲ್ಲ. ಬಾವಿಯ ನೀರು ಕದಲದೆ ನಿಂತಿರುತ್ತದೆ. ವರ್ಷದ ಹನ್ನೆರಡು ಅಳತೆ ಬೇಕಿತ್ತು. ಶ್ರಾವಣದಲ್ಲಿ ಟೈಫಾಯ್ಡ್ ಬಂದು ಒಂದು ತಪ್ಪಿತು. ‘ಹಾಗಾದರೆ ಮತ್ತೊಂದು ವರ್ಷ ಅಳೆಯಿರಿ’ ಎಂದುಬಿಟ್ಟರು ಗೈಡು. ಅಳುವೇ ಬಂತು.

ಇದ್ದ ಹನ್ನೊಂದರಲ್ಲೇ ಚೆಂದದ ಗ್ರಾಫ್ ತೆಗೆದು ಅವರ ಮನಸ್ಸು ಕರಗಿಸೋಣ ಎಂದುಕೊಂಡೆ. ಗ್ರಾಫ್ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂಗಳ ಲೈಬ್ರರಿಯೊಂದು ಮೂರು ಫ್ಲಾಪಿಗಳಲ್ಲಿ ಕಾಲೇಜಿಗೆ ಬಂದಿತ್ತು. ಲ್ಯಾಬ್ ನೋಡಿಕೊಳ್ಳುವ ಬಸಣ್ಣ ಸರ್ ಮತ್ತು ನಾನು ಬೆಳಿಗ್ಗೆಯೇ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆವು. ಎರಡನೆಯ ಫ್ಲಾಪಿ ಹಾಕಿದರೆ ಅದು ಮತ್ತೆ ಒಂದನೆಯದನ್ನು ಕೇಳುತ್ತದೆ. ಹೇಗೋ ಮೂರನ್ನೂ ನುಂಗಿಸಿದೆವು. ಪ್ರಿಂಟರ್ ಏನೇನೋ ಒತ್ತಿತು.

“ಮೇಡಂ, ಇದು ಗ್ರಾಫ್ ಅಲ್ರಿ, ಇರಿವಿ ಸಾಲ್ ಐತಿ!” ಎಂದರು ಬಸಣ್ಣ ಸರ್.

ಪಟ್ಟಿಯಲ್ಲಿದ್ದ ಪ್ರಿಂಟರುಗಳ ಹೆಸರನ್ನು ಒಂದೊಂದಾಗಿ ಆರಿಸಿ ನೋಡಿದೆವು. ಮಧ್ಯಾಹ್ನದ ಹೊತ್ತಿಗೆ, ಕಟ್ಟಕಡೆಯ ಹೆಸರಿಗೆ ಗೆರೆ ಸರಿಯಾಗಿ ಮೂಡಿತು. ಖುಷಿಗೆ ಚಪ್ಪಾಳೆ ಹೊಡೆದೆ. ಆಮೇಲೆ ಚುಕ್ಕೆ ಎಣಿಸಿದೆ. ಹನ್ನೆರಡಿದ್ದವು.

ಖಾಲಿ ಬಿಟ್ಟಿದ್ದ ಶ್ರಾವಣಕ್ಕೆ ಹದಿನಾಲ್ಕು ಅಡಿಯಲ್ಲಿ ಒಂದು ಚುಕ್ಕೆ. ಹಿಂದಿನ ತಿಂಗಳು ಹತ್ತೊಂಬತ್ತು, ಮುಂದಿನದು ಹದಿನೆಂಟು. ಎರಡರ ನಡುವಿನದನ್ನು ಅದೇ ಊಹಿಸಿತು ಎನ್ನುವಂತೆಯೂ ಇಲ್ಲ. ಬೇರೆ ತಿಂಗಳನ್ನು ಖಾಲಿ ಬಿಟ್ಟರೆ, ಫ್ಲಾಪಿಗಳ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ಅಲ್ಲಿ ಗೆರೆ ಕಡಿಯುತ್ತಿತ್ತು. ಲೈಬ್ರರಿಯನ್ನು ಅಳಿಸಿ, ಮತ್ತೆ ಹಾಕಿ, ಅಂಕಿಗಳನ್ನು ಹೊಸದಾಗಿ ಹೊಡೆದೆವು. ಚುಕ್ಕೆ ಅಲ್ಲೇ ಇತ್ತು.

“ಹದಿನಾಕು ಅಂತ ಬರದ್ ಬಿಡ್ರಿ ಮೇಡಂ. ತಾನಾಗಿ ಕೊಟ್ಟೈತಿ, ಬ್ಯಾಡ ಅನಬಾರ್ದು.”

ಆಸೆಯಾಯಿತು, ಮುಚ್ಚಿಡುವುದಿಲ್ಲ. ಆದರೆ ಅಳೆಯದ್ದನ್ನು ಬರೆಯಲು ಕೈ ಬರಲಿಲ್ಲ. ಮರುದಿನ ಬಸ್ಸು ಹಿಡಿದು ಹೋಗಿ, ಶ್ರಾವಣದಲ್ಲಿ ನೀರು ಎಷ್ಟಿತ್ತೆಂದು ನೆನಪಿದೆಯೇ ಎಂದು ಮಲ್ಲವ್ವನನ್ನೇ ಕೇಳಿದೆ.

“ನೆನಪ್ಯಾಕ ಬೇಕ್ರಿ ಅಕ್ಕೋರ? ನೀವು ಬರಲಿಲ್ಲ. ಅಮಾಸಿ ತಪ್ಪಬಾರ್ದಂತ ನಾನ ಹಗ್ಗ ಇಳಿಬಿಟ್ಟು, ನೀರು ಹತ್ತಿದಲ್ಲಿ ಗಂಟು ಹಾಕಿ ಇಟ್ಟೇನಿ. ಆವಾಗ ಹಳ್ಳ ಬಂದಿತ್ತು, ನೀರು ಭಾಳ ಮ್ಯಾಲಿತ್ತು. ಆಮ್ಯಾಲೆ ಹೇಳೂದು ಮರ್ತೆ.”

ಗೂಟಕ್ಕೆ ನೇತುಹಾಕಿದ್ದ ಹಗ್ಗ ತೆಗೆದುಕೊಟ್ಟಳು. ಟೇಪು ಹಿಡಿದೆ. ತುದಿಯಿಂದ ಗಂಟಿನವರೆಗೆ ಸರಿಯಾಗಿ ಹದಿನಾಲ್ಕು ಅಡಿ. ಮತ್ತೊಮ್ಮೆ ಅಳೆದೆ, ಅಷ್ಟೇ ಇತ್ತು. ಚುಕ್ಕೆಯ ಕತೆ ಹೇಳಿದಾಗ ಮಲ್ಲವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಮತ್ತ ನಿಮ್ಮ ಮಿಷನ್ನಿಗೆ ಯಾರು ಹೇಳಿದ್ರು? ನಾ ಅಂತೂ ಹೇಳಿಲ್ರಿ!”

ಹಗ್ಗದ ಅಳತೆಯನ್ನು ಗೈಡು ಒಪ್ಪಿದರು. ಪ್ರಬಂಧದಲ್ಲಿ ಶ್ರಾವಣದ ಅಂಕಿಯ ಪಕ್ಕದಲ್ಲಿ ಮಲ್ಲವ್ವನ ಹೆಸರಿದೆ. ಪದವಿ ಬಂದ ಮೇಲೆ ಪೇಢೆ ತೆಗೆದುಕೊಂಡು ಅವಳ ಮನೆಗೆ ಹೋದೆ. ಪೇಢೆ ಬಾಯಿಗಿಡುವ ಮೊದಲು ಅವಳು ಕೇಳಿದ್ದು ಒಂದೇ: “ಯಾರು ಹೇಳಿದ್ರಂತ ಗೊತ್ತಾತೇನ್ರಿ ಅಕ್ಕೋರ?”

ಇಲ್ಲ ಮಲ್ಲವ್ವ, ಇನ್ನೂ ಗೊತ್ತಾಗಿಲ್ಲ.